‘ಫಾರ್ಟಿ ಫೋರ್’ ಯಾರ ಹಾಡು?

ಓದುಗರ ಪತ್ರ: ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತದ ಗಾಯಕ ‘ಹೌಲಿನ್ ವುಲ್ಫ್ ಅವರ ಫಾರ್ಟಿ ಫೋರ್’ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಪಿಯಾನೋ ನುಡಿಸಿ ಹಾಡುವ ರೂಸ್‌ವೆಲ್ಟ್ ಸೈಕ್ಸ್ ಅದನ್ನು 1929ರಲ್ಲೇ ಹಾಡಿದ್ದರು, ನನ್ನ ಹತ್ತಿರ ರೆಕಾರ್ಡಿದೆ. ಕದ್ದ ಹಾಡಿಗೆ ಇಷ್ಟು ಹೊಗಳಿಕೆಯೇ?

ಸಂಪಾದಕರ ಉತ್ತರ: ತಪ್ಪು ನಮ್ಮದೇ. ವುಲ್ಫ್ ಹಾಡಿದ್ದು 1954ರಲ್ಲಿ, ಸೈಕ್ಸ್ ಹಾಡಿ ಕಾಲು ಶತಮಾನ ಕಳೆದ ಮೇಲೆ. ಆದರೆ ನೀವೂ ಅರ್ಧ ದಾರಿಯಲ್ಲೇ ನಿಂತಿರಿ. ಸೈಕ್ಸ್‌ಗೆ ಇದನ್ನು ಕಲಿಸಿದವರು ಲೀ ಗ್ರೀನ್. ಗ್ರೀನ್‌ಗೆ ಕಲಿಸಿದವರು ಲಿಟಲ್ ಬ್ರದರ್ ಮಾಂಟ್ಗೊಮರಿ. ಇಬ್ಬರೂ ಪಿಯಾನೋದವರೇ.

ಮಾಂಟ್ಗೊಮರಿ ಲೂಯಿಸಿಯಾನಾದ ಕೆಂಟ್‌ವುಡ್‌ನವರು. ಮರ ಕಡಿಯುವ ಕೂಲಿಗಳು ಕುಡಿಯಲು, ಕುಣಿಯಲು ಬರುತ್ತಿದ್ದ ಅಡ್ಡೆಯೊಂದನ್ನು ಅವರಪ್ಪ ನಡೆಸುತ್ತಿದ್ದರು. ಅಲ್ಲಿ ಹಾದುಹೋಗುವ ಪಿಯಾನೋದವರನ್ನು ನೋಡಿ ನೋಡಿಯೇ ಹುಡುಗನ ಕೈ ಪಳಗಿತು. ಈ ಹಾಡಿನ ಮೂಲವಾದ ‘ಫಾರ್ಟಿ ಫೋರ್ಸ್’ ಎಂಬ ಪಿಯಾನೋ ವರಸೆ ಇಂಥ ಅಡ್ಡೆಗಳಲ್ಲೇ ಓಡಾಡುತ್ತಿತ್ತು. ಲಾಂಗ್ ಟಾಲ್ ಫ್ರೈಡೆಯಂಥ ಸಂಗಡಿಗರ ಜೊತೆ ಸೇರಿ ಮಾಂಟ್ಗೊಮರಿ ಅದಕ್ಕೊಂದು ರೂಪ ಕೊಟ್ಟರು. ನುಡಿಸುವುದು ಸುಲಭವಲ್ಲ. ಎಡಗೈ ಮಂದ್ರದಲ್ಲಿ ಭಾರವಾದ ಹೆಜ್ಜೆಯಿಟ್ಟು ಮೆಟ್ಟಿಲು ಹತ್ತುತ್ತಿರುತ್ತದೆ. ಬಲಗೈಗೆ ಅದರ ಪರಿವೆಯೇ ಇಲ್ಲ, ತನ್ನ ಪಾಡಿಗೆ ತಾನು ಮೇಲೆ ಹರಟುತ್ತದೆ.

ತಮಾಷೆಯೆಂದರೆ ರೆಕಾರ್ಡುಗಳು ಬಂದದ್ದು ತಲೆಕೆಳಗಾಗಿ. ಶಿಷ್ಯನ ಶಿಷ್ಯ ಸೈಕ್ಸ್‌ದು ಮೊದಲು, 1929ರ ಜೂನ್‌ನಲ್ಲಿ. ಎರಡು ತಿಂಗಳ ನಂತರ ಗ್ರೀನ್. ಮಾಂಟ್ಗೊಮರಿಯದು 1930ರಲ್ಲಿ, ವಿಸ್ಕಾನ್ಸಿನ್‌ನ ಗ್ರಾಫ್ಟನ್‌ನಲ್ಲಿ, ಕುರ್ಚಿ ತಯಾರಿಸುವ ಕಂಪನಿಯೊಂದು ನಡೆಸುತ್ತಿದ್ದ ಪ್ಯಾರಮೌಂಟ್ ಎಂಬ ರೆಕಾರ್ಡ್ ಸಂಸ್ಥೆಗೆ (ಹೌದು, ಕುರ್ಚಿ!). ಅಷ್ಟರಲ್ಲಿ ಪದ, ಹೆಸರು ಎರಡೂ ಬೇರೆಯಾಗಿದ್ದವು: ‘ವಿಕ್ಸ್‌ಬರ್ಗ್ ಬ್ಲೂಸ್’. ಬರೀ ತಾರೀಖು ನೋಡಿದರೆ ಗುರುವೇ ನಕಲು ಮಾಡಿದಂತೆ ಕಾಣುತ್ತದೆ.

ಹಾಗೆಂದು ಸೈಕ್ಸ್ ಬರೀ ಒಪ್ಪಿಸಿದವರಲ್ಲ. ಅವರ ಸಾಹಿತ್ಯದಲ್ಲಿ ನಲವತ್ನಾಲ್ಕು ಒಮ್ಮೆ .44 ಕ್ಯಾಲಿಬರ್ ಪಿಸ್ತೂಲು, ಒಮ್ಮೆ ರೈಲಿನ ನಂಬರು, ಒಮ್ಮೆ ಗುಡಿಸಲಿನ ನಂಬರು. ಈ ಶ್ಲೇಷೆಯೇ ಹಾಡನ್ನು ಊರೂರಿಗೆ ಒಯ್ದಿತೆಂದು ನನ್ನ ಅನಿಸಿಕೆ. ಈ ಮೂರು ಅರ್ಥಗಳಲ್ಲಿ ವುಲ್ಫ್ ಪಿಸ್ತೂಲನ್ನು ಬಿಗಿಯಾಗಿ ಹಿಡಿದುಕೊಂಡರು. ಪಿಯಾನೋದ ಎಡಗೈ ಕೆಲಸ ಇಡೀ ವಾದ್ಯತಂಡಕ್ಕೆ ಬಿತ್ತು. ಅರ್ಲ್ ಫಿಲಿಪ್ಸ್ ಡ್ರಮ್ ಬಾರಿಸುವುದು ಸಿಪಾಯಿಗಳ ಕವಾಯತಿನ ಹಾಗೆ. ಓಟಿಸ್ ಸ್ಪ್ಯಾನ್ ಅವರ ಪಿಯಾನೋ ಹಿಂದಿನಿಂದ ಕೆಣಕುತ್ತಿರುತ್ತದೆ. ಇದನ್ನು ಕಳ್ಳತನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಸೈಕ್ಸ್ ಹೆಸರು ಬಿಟ್ಟ ನಮ್ಮ ಸಾಲಿಗೆ ಸಮರ್ಥನೆಯಿಲ್ಲ.

ನಿಮ್ಮ ರೆಕಾರ್ಡಿನ ಜೊತೆ ‘ವಿಕ್ಸ್‌ಬರ್ಗ್ ಬ್ಲೂಸ್’ ಇಟ್ಟು ಕೇಳಿ. ಮೊದಲ ಸಲ ಹಾಡು ಬೇಡ, ಎಡಗೈ ಮಾತ್ರ.