ದಿನಾ ಅಮೃತಬಳ್ಳಿ ಕಷಾಯ ಕುಡಿಯಬಹುದಾ?

ಪ್ರಶ್ನೆ: ನಮ್ಮ ಅತ್ತೆಗೆ 62 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಾರೆ. ಕೊರೊನಾ ಕಾಲದಲ್ಲಿ ಶುರು ಮಾಡಿದ ಅಮೃತಬಳ್ಳಿ ಕಷಾಯವನ್ನು ಇನ್ನೂ ಬಿಟ್ಟಿಲ್ಲ. ದಿನಾ ಖಾಲಿ ಹೊಟ್ಟೆಗೆ ಒಂದು ಲೋಟ. 'ಬಳ್ಳಿ ತಾನೆ, ಅದರಿಂದೇನು ಆಗತ್ತೆ' ಅಂತಾರೆ. ಡಾಕ್ಟರಿಗೆ ಹೇಳಿಲ್ಲ. ಹೇಳಬೇಕಾ?
– ಓದುಗರು, ಶಿರಸಿ

ಉತ್ತರ: ಹೇಳಲೇಬೇಕು. ಬೈತಾರೆ ಅನ್ನೋ ಭಯ ಇದ್ದರೂ ಹೇಳಿ.

ಅಮೃತಬಳ್ಳಿಗೂ ಸಕ್ಕರೆ ಅಂಶ ಇಳಿಸುವ ಗುಣ ಇದೆ. ಅತ್ತೆಯವರ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದ್ದರೆ ಎರಡೂ ಸೇರಿ ಸಕ್ಕರೆ ತೀರಾ ಕೆಳಗೆ ಹೋಗಬಹುದು, ಅದರಲ್ಲೂ ಕಷಾಯ ಕುಡಿದು ತಿಂಡಿ ತಡ ಮಾಡಿದರೆ. ಕೈ ನಡುಗೋದು, ಬೆವರೋದು, ಕಣ್ಣು ಕತ್ತಲೆ ಬರೋದು ಆದರೆ 'ವಯಸ್ಸಾಯ್ತು' ಅಂತ ಸುಮ್ನೆ ಬಿಡಬೇಡಿ, ತಕ್ಷಣ ಸಕ್ಕರೆ ನೀರು ಕೊಡಿ.

ಇನ್ನೊಂದು ಲಿವರ್ ವಿಷಯ. ಈ ಬಳ್ಳಿ ಸೇವಿಸುತ್ತಿದ್ದ 6 ಜನರಿಗೆ ಲಿವರ್ ತೊಂದರೆ ಆಗಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಥರ ಕಾಣುವ ಬೇರೆ ಬಳ್ಳಿ ಇರಬಹುದು ಅಂದಿತು. ಆಮೇಲೆ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಬಂತು. ಕುಡಿದವರಿಗೆಲ್ಲ ಹೀಗಾಗತ್ತೆ ಅಂತ ಅಲ್ಲ, ಆದರೆ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಗಿಡ ಇದು, ಹಾಗಾಗಿ ಥೈರಾಯ್ಡ್, ಸಂಧಿವಾತದಂಥ ಆಟೋಇಮ್ಯೂನ್ ತೊಂದರೆ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳೋದು) ಇರುವವರು, ಲಿವರ್ ಮೊದಲೇ ಸೋತಿರುವವರು ತಮ್ಮಷ್ಟಕ್ಕೆ ಇದನ್ನು ಕುಡಿಯಲೇಬಾರದು. ಆಸ್ಪತ್ರೆಗೆ ಹೋದಾಗ ಲಿವರ್ ಟೆಸ್ಟನ್ನೂ ಮಾಡಿಸಿ. ಕಣ್ಣು ಹಳದಿ ಆಗಿ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಕಷಾಯ ನಿಲ್ಲಿಸಿ ಅವತ್ತೇ ಡಾಕ್ಟರನ್ನು ನೋಡಿ.

ಬಳ್ಳಿಯನ್ನೂ ಒಮ್ಮೆ ನೋಡಿ. ಆ ಬೇರೆ ಬಳ್ಳಿಯ ಕಾಂಡದ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿರುತ್ತವೆ. ಎಲೆ ನೋಡಿ ಗುರುತಿಸೋದು ಕಷ್ಟ, ಎರಡರದ್ದೂ ಹೃದಯದ ಆಕಾರವೇ.

ಅತ್ತೆಗೆ ಕಷಾಯ ಬೇಕೇ ಬೇಕು ಅಂದರೆ ಜೀರಿಗೆ, ಕೊತ್ತಂಬರಿ ಬೀಜದ್ದು ಮಾಡಿಕೊಡಿ, ಬೆಲ್ಲ ಮಾತ್ರ ಬೇಡ. ಊಟಕ್ಕೆ ದೊಡ್ಡಪತ್ರೆ, ಒಂದೆಲಗದ ತಂಬುಳಿ ಇದ್ದೇ ಇದೆ, ನಿಮ್ಮ ಕಡೆ ಅದನ್ನು ಹೇಳಿಕೊಡಬೇಕಾ! ತಂಬುಳಿಗೆ ಹಿಡಿ ಸೊಪ್ಪು ಹಾಕೋದಕ್ಕೂ, ಅದನ್ನೇ ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬಿ ದಿನಾ ನುಂಗೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಪ್ರಶ್ನೆ: ಗಂಟಲು ಕೆರೆತಕ್ಕೆ ಅತಿಮಧುರದ ಕಡ್ಡಿ ಜಗಿಯೋದು ನನಗೆ ಅಭ್ಯಾಸ. ಈಗ ಬಿಪಿ ಬಂದಿದೆ, ಮುಂದುವರಿಸಬಹುದಾ?
– ಓದುಗರು, ತುಮಕೂರು

ಉತ್ತರ: ಬೇಡ. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು, ನೀರು ನಿಲ್ಲಿಸಿ ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರುತ್ತದೆ. ನೀರು ಹೋಗುವ ಮಾತ್ರೆ ತಗೊಳ್ಳುವವರಿಗಂತೂ ಅಪಾಯ ಜಾಸ್ತಿ. ಅಂಗಡಿಯ ಕೆಮ್ಮಿನ ಗುಳಿಗೆ, ಗಿಡಮೂಲಿಕೆ ಚಹಾದಲ್ಲೂ ಇದು ಇರುತ್ತದೆ, ಪೊಟ್ಟಣದ ಮೇಲೆ ಮುಲೇಠಿ, ಯಷ್ಟಿಮಧು ಅಂತಿದ್ದರೆ ಅದೂ ಇದೇ. ಗಂಟಲಿಗೆ ಬಿಸಿ ಉಪ್ಪು ನೀರು ಮುಕ್ಕಳಿಸಿ ಉಗಿಯಿರಿ. ಕೆರೆತ ಎರಡು ವಾರ ದಾಟಿದರೆ, ಬಿಪಿಗೆ ಯಾವ ಮಾತ್ರೆ ಕೊಟ್ಟಿದ್ದಾರೆ ಅಂತ ಕೇಳಿ. ಕೆಲವು ಬಿಪಿ ಮಾತ್ರೆಗಳಿಂದಲೇ ಒಣ ಕೆಮ್ಮು ಬರುತ್ತದೆ, ಡಾಕ್ಟರು ಅದನ್ನು ಬದಲಾಯಿಸಿ ಕೊಡುತ್ತಾರೆ.