ಬೆದರಿಕೆಗೆ ಬಗ್ಗಬೇಡಿ, ಚಾಟ್ ಅಳಿಸಬೇಡಿ

ಪ್ರಶ್ನೆ: ನನಗೆ 26 ವರ್ಷ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಗಂಡಸೊಬ್ಬ ನಮ್ಮಿಬ್ಬರ ಖಾಸಗಿ ಫೋಟೊ ಇಟ್ಟುಕೊಂಡು ಹಣ ಕೇಳುತ್ತಿದ್ದಾನೆ. ಒಮ್ಮೆ 8,000 ರೂಪಾಯಿ ಕೊಟ್ಟೆ. ಈಗ 30,000 ಬೇಕಂತೆ, ಇಲ್ಲದಿದ್ದರೆ ‘ನಿಮ್ಮಪ್ಪಗ ಕಳಸ್ತೀನಿ’ ಅನ್ನುತ್ತಾನೆ. ಠಾಣೆಗೆ ಹೋದರೆ ನನ್ನನ್ನೇ ಹಿಡಿಯುತ್ತಾರೆಯೇ?
– ಗದಗ ಓದುಗ

ಉತ್ತರ: ಹಿಡಿಯುವಂತಿಲ್ಲ. ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ತೀರ್ಪು ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಹಳೆಯ 377ನೇ ಕಲಮಿನ ಜಾಗಕ್ಕೆ ಬೇರೆ ಕಲಂ ಬಂದಿಲ್ಲ. ಅಪರಾಧಿ ಅವನು. ಇದೇ ಸಂಹಿತೆಯ 308ನೇ ಕಲಮಿನಡಿ ಸುಲಿಗೆಗೆ ಏಳು ವರ್ಷದವರೆಗೆ ಜೈಲಿದೆ.

ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟಷ್ಟೂ ಬೇಡಿಕೆ ಏರುತ್ತದೆ, ನಿಮ್ಮ ವಿಷಯದಲ್ಲಿ ಆಗಲೇ ಏರಿದೆ. ಹೆದರಿಕೆಯಲ್ಲಿ ಮೊದಲಿಗೇ ಚಾಟ್ ಅಳಿಸುವವರು, ಬೆದರಿಸುವವನನ್ನು ಬ್ಲಾಕ್ ಮಾಡುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ. ಕೆಲವು ಆ್ಯಪ್‌ಗಳಲ್ಲಿ ಬ್ಲಾಕ್ ಒತ್ತಿದ ಕೂಡಲೇ ಇಡೀ ಮಾತುಕತೆ ಮಾಯವಾಗುತ್ತದೆ, ಅದರೊಂದಿಗೆ ಸಾಕ್ಷ್ಯವೂ ಹೋಗುತ್ತದೆ. ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್: ಅವನ ಪ್ರೊಫೈಲ್, ಮೊಬೈಲ್ ನಂಬರ್, ದಿನಾಂಕ ಮತ್ತು ಸಮಯ ಕಾಣುವ ಬೆದರಿಕೆ ಸಂದೇಶಗಳು, ಅವನ ಯುಪಿಐ ಐಡಿ, ನೀವು ಹಣ ಕಳಿಸಿದ್ದರ ಯುಟಿಆರ್ ಸಂಖ್ಯೆ (ಪ್ರತಿ ಪಾವತಿಗೂ ಬರುವ ಗುರುತಿನ ಸಂಖ್ಯೆ). ಬಳಿಕ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋದ ಕೆಲವೇ ಗಂಟೆಗಳಲ್ಲಿ ತಿಳಿಸಿದರೆ ಅದನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ತಡವಾಗಿದ್ದರೂ ದೂರು ಬಿಡಬೇಡಿ.

ಊರಿನ ಠಾಣೆಯಲ್ಲಿ ಗುರುತಿನವರು ಇದ್ದಾರೆಂಬ ಅಳುಕಿದ್ದರೆ ಹುಬ್ಬಳ್ಳಿಯಲ್ಲೇ ದೂರು ಕೊಡಿ. ಯಾವುದೇ ಠಾಣೆ ‘ಝೀರೊ ಎಫ್‌ಐಆರ್’ ದಾಖಲಿಸಿಕೊಳ್ಳಬೇಕು. ಆಮೇಲೆ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ದೂರಿನಲ್ಲಿ ನಿಮ್ಮ ಲೈಂಗಿಕತೆಯ ವಿವರಣೆ ಬೇಕಿಲ್ಲ. ‘ನನ್ನ ಖಾಸಗಿ ಫೋಟೊ ತೋರಿಸಿ ಇಂಥ ದಿನ ಇಷ್ಟು ಹಣ ಕಿತ್ತುಕೊಂಡಿದ್ದಾನೆ, ಇನ್ನೂ ಬೆದರಿಸುತ್ತಿದ್ದಾನೆ’ ಎಂದು ಬರೆದರೆ ಸಾಕು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ.

ಪ್ರಶ್ನೆ: ನನಗೆ ಹುಡುಗಿಯರ ಮೇಲೆ ಒಲವು ಎಂದು ತಿಳಿದ ಮೇಲೆ ಮನೆಯವರು ಒಬ್ಬ ವೈದ್ಯರಲ್ಲಿಗೆ ಕರೆದೊಯ್ದರು. ಇಂಜೆಕ್ಷನ್ನಿನಿಂದ ಗುಣವಾಗುತ್ತದೆ, ಆಮೇಲೆ ಮದುವೆ ಮಾಡಿ ಎಂದಿದ್ದಾರೆ. ನನಗೆ 23.
– ಧಾರವಾಡ ಓದುಗಿ

ಉತ್ತರ: ಇದು ಕಾಯಿಲೆಯಲ್ಲ, ಹಾಗಾಗಿ ಗುಣಪಡಿಸುವ ಇಂಜೆಕ್ಷನ್ನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಇಂಥ ‘ಪರಿವರ್ತನಾ ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಔಷಧ ಚೀಟಿ, ರಸೀದಿ ಜೋಪಾನವಾಗಿರಲಿ. ಅವುಗಳ ಪ್ರತಿ ಲಗತ್ತಿಸಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಅಲ್ಲಿ ವಿಚಾರಣೆ ನಡೆಯುವುದು ನೋಂದಾಯಿತ ಅಲೋಪಥಿ ವೈದ್ಯರ ಮೇಲೆ ಮಾತ್ರ. ಹೆತ್ತವರ ಆತಂಕ ನಿಜವಾದದ್ದು. ಅವರನ್ನು ಆಪ್ತಸಮಾಲೋಚಕರ ಜೊತೆ ಮಾತಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮದುವೆಗೆ ಒತ್ತಾಯ ಜೋರಾದರೆ ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ನಿಮ್ಮ ಕೈಯಲ್ಲಿರಲಿ. ಕೂಡಿಹಾಕಿದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಪ್ರಶ್ನೆ: ನಾನು, ನನ್ನ ಗೆಳತಿ ಜೋಡಿಯಾಗಿ ಬದುಕುತ್ತಿದ್ದೇವೆ. ಜಂಟಿ ಖಾತೆ ತೆರೆಯಬಹುದೇ?
– ಹಾವೇರಿ ಓದುಗಿ

ಉತ್ತರ: ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಲೂಬಹುದು. ಇದಕ್ಕೆ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿನವರು ಒಲ್ಲೆ ಎಂದರೆ ಕಾರಣವನ್ನು ಬರೆದು ಕೊಡಲು ಕೇಳಿ. ಆದರೆ ನಾಮಿನಿ ಆದ ಮಾತ್ರಕ್ಕೆ ವಾರಸುದಾರರಾಗುವುದಿಲ್ಲ, ಉಯಿಲು ಬೇರೆಯೇ ಬರೆಸಬೇಕು. ಸಲಿಂಗ ಮದುವೆಗೆ ಕಾನೂನಿನ ಮನ್ನಣೆ ಇಲ್ಲದಿರುವುದರಿಂದ ನಿಮ್ಮಂಥವರಿಗೆ ಈ ಕಾಗದ ಬಹಳ ಮುಖ್ಯ. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಡಿ.