ಏಂಜೆಲ್ ರೆಕ್ಕೆ ಕಚ್ಚುವ ಟೈಗರ್ ಬಾರ್ಬ್

ಕಾರವಾರದ ನಿಮ್ಮ 2 ಅಡಿ ಟ್ಯಾಂಕಿನಲ್ಲಿ 3 ಟೈಗರ್ ಬಾರ್ಬ್ ಮೀನುಗಳು ಸೇರಿ ಏಂಜೆಲ್ ಮೀನಿನ ರೆಕ್ಕೆ ಹರಿಯುತ್ತಿವೆ ಅಂದಿರಿ. ಏಂಜೆಲನ್ನು ಇವತ್ತೇ ಬೇರೆ ಮಾಡಿ. ಬಾರ್ಬ್ 8–10 ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡಿರುತ್ತವೆ. ಮೂರೇ ಇದ್ದರೆ ಆ ಕಾಟವೆಲ್ಲ ನಿಧಾನ ಈಜುವ, ಉದ್ದ ರೆಕ್ಕೆಯ ಮೀನಿಗೆ. ಹಾಗಂತ ಇನ್ನಷ್ಟು ಬಾರ್ಬ್ ತಂದು ಏಂಜೆಲನ್ನೂ ಇಟ್ಟುಕೊಳ್ಳಲು ಈ ಟ್ಯಾಂಕಿನಲ್ಲಿ ಜಾಗ ಸಾಲದು. ಹೊಟ್ಟೆ ತುಂಬ ಹಾಕಿದರೂ ಚಟ ಬಿಡವು, ಅಂಗಡಿಯವರು ಏನೇ ಹೇಳಲಿ.

ಏಂಜೆಲಿನ ಗಾಯಕ್ಕೆ, ಅದಿರುವ ನೀರಿಗೆ ಲೀಟರಿಗೆ 1 ಗ್ರಾಂ ಹರಳುಪ್ಪು ಸಾಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಾದರೆ ಬೇರೆ ಪಾತ್ರೆಯಲ್ಲಿ ಕರಗಿಸಿ, ಕೆಸರು ಸೋಸಿ ಹಾಕಿ. ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿ, ತೆಗೆದ ನೀರಿನ ಲೆಕ್ಕಕ್ಕಷ್ಟೇ ಉಪ್ಪು ಸೇರಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೇಕೇ ಬೇಕು. ಅಂಚಿನಲ್ಲಿ ಪಾರದರ್ಶಕ ಪೊರೆ ಕಂಡರೆ ಹೊಸ ರೆಕ್ಕೆ ಬರುತ್ತಿದೆ. ಹತ್ತಿಯಂತೆ ಬೆಳ್ಳಗಾದರೆ ಶಿಲೀಂಧ್ರ, ಔಷಧಿ ಹಾಕಬೇಕು.